ಕುಣಿತದ ಮನೆಯ ಗುರುತು

ನಾನು ಬೋರ್ಡು ಬರೆಯುವವನು. ಸಿಂದಗಿಯಲ್ಲಿ ಅಂಗಡಿ. ಮುಂಗೋಪಿ ಎಂಬುದು ಊರಿಗೆಲ್ಲ ಗೊತ್ತಿರುವುದರಿಂದ ಮುಚ್ಚಿಡುವ ಪ್ರಶ್ನೆಯಿಲ್ಲ. ಬರೆಯುವಾಗ ಬೆನ್ನ ಹಿಂದೆ ನಿಂತು ‘ಜರಾ ಡೊಂಕ ಆಗೇತಲ್ರಿ’ ಅಂದವರ ಕೈಗೆ ಕುಂಚ ಕೊಟ್ಟು ‘ನೀವ ಬರೀರಿ ಹಂಗಾರ’ ಅಂದದ್ದೂ ಉಂಟು. ಫ್ಲೆಕ್ಸ್ ಬಂದ ಮೇಲೆ ಕುಂಚದ ಕೆಲಸ ಕಡಿಮೆಯಾಯಿತು, ಕೋಪ ಕಡಿಮೆಯಾಗಲಿಲ್ಲ. ಈಗ ಹೇಳಹೊರಟಿರುವುದು ನಾನು ಬರೆದ ಅಂಗೈಯಷ್ಟು ದೊಡ್ಡ ಚಿತ್ರವೊಂದು ಒಬ್ಬ ಹೆಣ್ಣುಮಗಳ ಬದುಕಿನ ಕೆಲಸವನ್ನೇ ಕಸಿಯಲು ಹೋದ ಸಂಗತಿ.

ನಮ್ಮ ಕಡೆಯ ನಾಲ್ಕಾರು ಕಲಾಪ್ರೇಮಿಗಳು ಸೇರಿ ಒಂದು ನಕ್ಷೆ ಮಾಡಿಸಲು ಹೊರಟಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಿನಲ್ಲಿ ಬಸ್ ನಿಲ್ದಾಣದ ಎದುರಿಗೆ ಒಂದೊಂದು ಹಲಗೆ. ಭಜನೆ ಎಲ್ಲಿ, ಬಯಲಾಟದ ತಾಲೀಮು ಎಲ್ಲಿ, ಕುಣಿತ ಎಲ್ಲಿ ಎಂದು ಬಸ್ಸಿಳಿದವನಿಗೆ ತಿಳಿಯಬೇಕು. ಅದೇ ನಕ್ಷೆ ಫೋನಿನಲ್ಲೂ ಬರುತ್ತದೆ ಎಂದರು. ‘ಹೆಸರ ಬರದ್ರ ಆತಲ್ರಿ, ಚಿತ್ರ ಯಾಕ?’ ಎಂದೆ. ಫೋನಿನಲ್ಲಿ ಜೋಳದ ಕಾಳಿನಷ್ಟೇ ಜಾಗ, ಅಷ್ಟರಲ್ಲಿ ಹೆಸರು ಕೂರುವುದಿಲ್ಲ, ಮೇಲಾಗಿ ಓದು ಬಾರದವರಿಗೂ ತಿಳಿಯಬೇಕು ಎಂದರು. ಕಲೆಗೊಂದು ಗುರುತು, ಅದೇ ಗುರುತಿನ ಒಂದು ತಗಡು ಆಯಾ ಜಾಗದ ಬಾಗಿಲಿಗೆ. ಕೆಲಸ ಇಷ್ಟೇ ಎಂದುಕೊಂಡು ಒಪ್ಪಿಕೊಂಡೆ.

ಭಜನೆಗೆ ಒಂದು ಜೊತೆ ತಾಳ ಬರೆದೆ. ಬಯಲಾಟಕ್ಕೆ ಕಿರೀಟ. ಎರಡೂ ಒಂದೇ ದಿನದಲ್ಲಿ ಮುಗಿದವು. ಕುಣಿತದ ಹತ್ತಿರ ಬಂದು ಸಿಕ್ಕಿಬಿದ್ದೆ.

ಮೊದಲು ಒಂದು ಕಾಲು ಎತ್ತಿ, ಎರಡೂ ಕೈ ಮೇಲೆತ್ತಿದ ಮನುಷ್ಯನನ್ನು ಬರೆದೆ. ಜೋಳದ ಕಾಳಿನಷ್ಟಕ್ಕೆ ಇಳಿಸಿ ಎದುರಿನ ಚಹಾದಂಗಡಿಯಲ್ಲಿ ತೋರಿಸಿದೆ. ‘ಕರೆಂಟ್ ಹೊಡದೈತಿ’ ಎಂದರು. ಕೈ ಇಳಿಸಿ ಬರೆದೆ. ‘ಜಾರಿ ಬೀಳಾಕತ್ತಾನ’ ಎಂದರು. ಕುಣಿತವೆಂದರೆ ಗೆಜ್ಜೆ ಎಂದುಕೊಂಡು ಗೆಜ್ಜೆಯ ಸರ ಬರೆದು ಇಂಡಿಗೆ ಒಯ್ದೆ. ಅಲ್ಲಿ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದ ಲಚ್ಯಾಣದ ರೈತರೊಬ್ಬರು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ‘ಎತ್ತಿನ ಕೊಳ್ಳಾಗಿನ ಸರ ಸಿಗೂ ಅಂಗಡಿ ಐತೇನ್ರಿ ಅಲ್ಲಿ? ನಂಗೂ ಒಂದ ಬೇಕಾಗಿತ್ತು’ ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಹಾಗೆಯೇ, ಈ ಮಂದಿಗೆ ಕಣ್ಣೇ ಇಲ್ಲ ಎಂದು ಬೈದುಕೊಳ್ಳುತ್ತ ಸಿಂದಗಿಯ ಬಸ್ಸು ಹತ್ತಿದೆ.

ಮರುದಿನ ಹಲಗೆಗಳು ಬಂದು ಅಂಗಡಿಯ ಮುಂದೆ ಒರಗಿ ನಿಂತವು. ಸಂಜೆಯೊಳಗೆ ಮುಗಿಸಬೇಕಿತ್ತು. ಸಿಟ್ಟಿನಲ್ಲಿ ಕುಂಚ ಎತ್ತಿಕೊಂಡೆ, ಕೈ ತನ್ನಷ್ಟಕ್ಕೆ ತಾನೇ ಒಂದು ಹೆಣ್ಣನ್ನು ಬರೆಯಿತು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಗಾಳಿಗೆ ಹಾರುವ ಸೆರಗು, ತುಸು ಓರೆಯಾದ ಕತ್ತು. ಐದೇ ಗೀರು. ಚಹಾದಂಗಡಿಯವನು ರಸ್ತೆಯಾಚೆಯಿಂದಲೇ ‘ಡ್ಯಾನ್ಸ್’ ಎಂದ. ದಾರಿಯಲ್ಲಿ ಹೋಗುವ ಇಬ್ಬರನ್ನು ಕರೆದು ಕೇಳಿದೆ. ಇಬ್ಬರೂ ಡ್ಯಾನ್ಸ್ ಎಂದರು. ನನಗೆ ಆದ ಹಿಗ್ಗು ಹೇಳತೀರದು. ಎಂಥ ಡ್ಯಾನ್ಸ್ ಎಂದು ಮಾತ್ರ ನಾನು ಯಾರನ್ನೂ ಕೇಳಲಿಲ್ಲ.

ಆ ಕೈ ಎಲ್ಲಿಂದ ಬಂದದ್ದು ಎಂದು ನನಗೆ ಗೊತ್ತಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಗಡಿಯಾಚೆ ಸೊಲ್ಲಾಪುರದ ಕಡೆ ಒಬ್ಬ ಪೇಂಟರ್ ಹತ್ತಿರ ಕೆಲಸ ಕಲಿತವನು ನಾನು. ಅಲ್ಲಿ ತಮಾಷಾ ಎಂಬ ಮರಾಠಿ ಹಾಡು-ಕುಣಿತದ ಆಟದ ತಂಬುಗಳಿಗೆ ಬರೆಯುತ್ತಿದ್ದ ಬೋರ್ಡುಗಳ ತುಂಬ ಇದೇ ಹೆಣ್ಣು, ಇದೇ ಸೊಂಟ, ಇದೇ ಸೆರಗು. ಆ ತಂಬುಗಳಲ್ಲಿ ಕುಣಿಯುತ್ತಿದ್ದವರು ಬೆವರು ಸುರಿಸಿ ಉಣ್ಣುತ್ತಿದ್ದ ಹೆಂಗಸರು, ಅವರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಬೋರ್ಡು ಬರೆಸುತ್ತಿದ್ದವರ ಉದ್ದೇಶ ಬೇರೆ, ನೋಡಿ ಬರುತ್ತಿದ್ದವರ ಕಣ್ಣೂ ಬೇರೆ. ಗಡಿಯ ಈಚೆಯ ನಮ್ಮ ಊರುಗಳಿಂದಲೂ ಜೀಪು ತುಂಬಿ ಹೋಗುತ್ತಿದ್ದರು. ನಾಲ್ಕು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಈ ನೆನಪು ನನ್ನನ್ನು ಚುಚ್ಚಿತು. ಆಮೇಲೆ ಸಂಜೆಯಾಯಿತು, ಹಲಗೆ ಕೊಟ್ಟು ಕಳಿಸಿದೆ.

ಮುದ್ದೇಬಿಹಾಳದ ಹಲಗೆಯ ಮೇಲೆ ಕುಣಿತದ ಗುರುತು ಬಿದ್ದದ್ದು ಒಂದೇ ಕಡೆ. ಬೀಜದ ಅಂಗಡಿಯ ಮಾಳಿಗೆಯ ಮೇಲೆ ಒಂದು ಉದ್ದನೆಯ ಕೋಣೆ. ಅಲ್ಲಿ ಒಬ್ಬ ಟೀಚರು ಹುಡುಗಿಯರಿಗೆ ಕೋಲಾಟ, ಹೆಜ್ಜೆಮೇಳ, ಒಂದಿಷ್ಟು ಭರತನಾಟ್ಯ ಕಲಿಸುತ್ತಿದ್ದರು. ಆಕೆಗೆ ನಲವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಮೆಟ್ಟಿಲ ಬುಡದ ಬಾಗಿಲಿಗೆ ತಗಡು ಹೊಡೆಯಲು ನಾನೇ ಹೋದೆ. ಮೇಲೆ ಹತ್ತಿ ನೋಡಿದಾಗ ತಾಲೀಮು ನಡೆದಿತ್ತು. ಸಾಲಿನ ಮುಂದೆ ಎರಡು ಜಡೆಯ ಒಬ್ಬ ಹುಡುಗಿ. ಅವಳ ಕಾಲು ನೆಲ ಮುಟ್ಟಿದ್ದು ಕೇಳಿಸುತ್ತಿತ್ತು, ಎತ್ತಿದ್ದು ಕಾಣುತ್ತಿರಲಿಲ್ಲ, ಅಷ್ಟು ಚುರುಕು. ಪಕ್ಕದ ಓಣಿಯಲ್ಲಿ ಜಂಪರು ಹೊಲಿಯುವ ಹೆಂಗಸಿನ ಮಗಳೆಂದು ಟೀಚರು ಹೇಳಿದರು. ಅವಳನ್ನು ಕಳಿಸಿರೆಂದು ತಾಯಿಯನ್ನು ಒಪ್ಪಿಸಲು ಆರು ಸಲ ಅವರ ಮನೆಯ ಹೊಸ್ತಿಲು ತುಳಿದಿದ್ದರಂತೆ. ತಗಡಿನ ಚಿತ್ರವನ್ನು ಟೀಚರು ಒಂದು ಗಳಿಗೆ ನೋಡಿದರು. ಏನೋ ಹೇಳಬೇಕೆಂದು ಬಾಯಿ ತೆರೆದು ಸುಮ್ಮನಾದರು. ನಾನೂ ಕೇಳಲಿಲ್ಲ, ಮೊಳೆ ಹೊಡೆದು ಬಂದೆ.

ಎರಡನೇ ವಾರ ಫೋನು ಬಂತು. ‘ಅಣ್ಣಾರ, ಮ್ಯಾಲ ಗಂಡಸರು ಬರಾಕತ್ತಾರ್ರಿ’ ಎಂದರು ಟೀಚರು. ‘ಶೋ ಎಷ್ಟ್ ಗಂಟೇಕ್ಕ ಐತಿ ಅಂತ ಕೇಳ್ತಾರ. ನಿನ್ನಿ ಇಬ್ರು ಬಂದು ಹುಡುಗ್ಯಾರ ಮುಂದ ಚಾಪಿ ಮ್ಯಾಲ ಕುಂತ್ಬಿಟ್ರು. ಎದ್ದ ಹೋಗ್ರಿ ಅಂದ್ರ, ಬೋರ್ಡ್ ನೋಡಿ ಬಂದೇವಿ ಅಂದ್ರು.’ ಅರ್ಧಕ್ಕರ್ಧ ಹುಡುಗಿಯರನ್ನು ತಾಯಂದಿರು ಬಿಡಿಸಿದ್ದರು. ಎರಡು ಜಡೆಯ ಹುಡುಗಿಯೂ ಬರುತ್ತಿರಲಿಲ್ಲ. ಕೆಳಗಿನ ಬೀಜದ ಅಂಗಡಿಯ ಮಾಲೀಕರು, ಮನೆಯಲ್ಲಿ ಸೊಸೆಯಂದಿರು ಓಡಾಡುತ್ತಾರೆ, ಸೋಮವಾರದೊಳಗೆ ಕೋಣೆ ಬಿಡಿ ಎಂದಿದ್ದರು. ಇಡೀ ಊರಿನಲ್ಲಿ ಹುಡುಗಿಯರ ಕುಣಿತಕ್ಕೆ ಕೋಣೆ ಕೊಟ್ಟಿದ್ದವರು ಅವರೊಬ್ಬರೇ. ಇದು ಹೋದರೆ ಇನ್ನೊಂದು ಸಿಗುವುದಿಲ್ಲ, ಅದು ನನಗೂ ಗೊತ್ತಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ‘ನನ್ನ ಚಿತ್ರದಾಗ ಏನೂ ತಪ್ಪಿಲ್ರಿ, ಮಂದಿ ಕಣ್ಣಾಗ ಐತಿ’ ಎಂದು ಅವರು ಕೇಳುವ ಮೊದಲೇ ಜೋರು ಮಾಡಿದೆ. ಫೋನು ಇಟ್ಟ ಮೇಲೆ ಕೂತಲ್ಲಿ ಕೂರಲಾಗದೆ, ಬಣ್ಣದ ಡಬ್ಬಿ ಚೀಲಕ್ಕೆ ತುಂಬಿಕೊಂಡು ತಾಳಿಕೋಟೆಯ ಮೇಲೆ ಹಾಯ್ದು ಮುದ್ದೇಬಿಹಾಳಕ್ಕೆ ಹೊರಟೆ. ದಾರಿಯುದ್ದಕ್ಕೂ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಗುರುತು ಬರೆಯುತ್ತ, ಅಳಿಸುತ್ತ ಹೋದೆ. ಪಕ್ಕದಲ್ಲಿ ಕೂತಿದ್ದ ಮುದುಕಿ ಸೀಟು ಬದಲಿಸಿದಳು.

ಸೊಂಟ ಬೇಡ, ಸೆರಗು ಬೇಡ, ಹೆಣ್ಣೇ ಬೇಡ, ಬರೀ ಪಾದ ಸಾಕು ಎಂದು ತೀರ್ಮಾನಿಸಿದ್ದೆ. ಟೀಚರಿಗೆ ಗೆಜ್ಜೆ ಕಟ್ಟಿಸಿ, ಕಾಗದದ ಮೇಲೆ ನಿಲ್ಲಿಸಿ, ಅವರ ಎರಡೂ ಪಾದದ ಸುತ್ತ ಪೆನ್ಸಿಲು ಎಳೆದುಕೊಂಡೆ. ಬಾಗಿಲಿನ ತಗಡಿಗೂ ನಿಲ್ದಾಣದ ಹಲಗೆಗೂ ಕೆಂಪು ಬಣ್ಣದಲ್ಲಿ ಆ ಜೋಡಿ ಪಾದ ಬರೆದು, ಹತ್ತು ಹೆಜ್ಜೆ ದೂರ ನಿಂತು ನೋಡಿದೆ. ಎಂಥ ಮೈಲಿಗೆಯ ಕಣ್ಣಿಗೂ ಇದರಲ್ಲಿ ಕೊಂಕು ಸಿಗುವುದಿಲ್ಲ ಎಂದು ಸಮಾಧಾನವಾಯಿತು. ಅಂದೇ ಸಿಂದಗಿಗೆ ಮರಳಿದೆ.

ಮೂರನೇ ದಿನ ಹೋಗಿ ನೋಡಿದರೆ ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳು ಸಾಲಾಗಿದ್ದವು. ತಗಡಿನ ಪಾದಗಳಿಗೆ ಕುಂಕುಮ, ಮೇಲೊಂದು ಚೆಂಡುಹೂವಿನ ಸರ. ನನ್ನ ಕಣ್ಣೆದುರೇ ಒಬ್ಬ ಹೆಂಗಸು ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ಕೈಲಿದ್ದ ಕೂಸಿನ ಹಣೆಯನ್ನೂ ಅದಕ್ಕೆ ತಾಗಿಸಿ ಮುಂದೆ ಹೋದಳು. ಮಠಗಳ ಸೀಮೆ ನಮ್ಮದು. ಇಲ್ಲಿ ಜೋಡಿ ಪಾದ ಕಂಡರೆ ಮೊದಲು ಚಪ್ಪಲಿ ಬಿಡುತ್ತಾರೆ, ಆಮೇಲೆ ಯಾರದೆಂದು ಕೇಳುತ್ತಾರೆ. ಇಷ್ಟು ವರ್ಷ ಈ ನೆಲದಲ್ಲಿ ಬೋರ್ಡು ಬರೆದವನಿಗೆ ಇದು ಹೊಳೆಯದೆ ಹೋಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿ ಕೂರಿಸಿದ್ದೆ.

ಮಾಲೀಕರು ಅಂಗಡಿಯಿಂದ ಎದ್ದು ಬಂದು ನನ್ನ ಕೈ ಹಿಡಿದರು. ‘ಈಗ ಶುದ್ಧ ಆತು ನೋಡ್ರಿ. ಒಬ್ಬ ಪುಂಡ ಈ ಕಡೆ ಸುಳಿದಿಲ್ಲ. ಕೋಣಿ ಬಿಡೂದ ಬ್ಯಾಡ ಅಂತ ಟೀಚರಿಗೆ ಹೇಳೀನಿ’ ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಗುರುತಾಗಿ ಅದು ಸೋತಿದ್ದರೂ ಕೋಣೆ ಉಳಿಯಿತಲ್ಲ, ಇನ್ನು ಯಾರಿಗೂ ಏನೂ ಹೇಳುವ ಅಗತ್ಯವಿಲ್ಲ ಎಂದುಕೊಳ್ಳುತ್ತ ಮೆಟ್ಟಿಲು ಹತ್ತಿದೆ.

ಮೇಲೆ ತಾಲೀಮು ನಿಂತಿತ್ತು. ಇಂಗಳೇಶ್ವರದ ಕಡೆಯ ಹಿರಿಯರೊಬ್ಬರು ಗೋಡೆಗೆ ಒರಗಿ, ಕೈ ಮುಗಿದುಕೊಂಡು, ಯಾರೋ ಸ್ವಾಮಿಗಳ ದರ್ಶನಕ್ಕೆ ಕಾಯುತ್ತ ಕೂತಿದ್ದರು. ಅವರೆದುರು ಕುಣಿಯಲಾರದೆ ಹುಡುಗಿಯರು ಕೋಲು ಹಿಡಿದು ಸುಮ್ಮನೆ ನಿಂತಿದ್ದರು. ಟೀಚರು ನನ್ನನ್ನು ಮೆಟ್ಟಿಲ ತುದಿಗೆ ಕರೆದರು.

‘ಇದನ್ನ ಅಳಸ್ರಿ.’

‘ಹುಚ್ಚರಂಗ ಮಾತಾಡಬ್ಯಾಡ್ರಿ. ಕೋಣಿ ಉಳದೈತಿ’ ಎಂದೆ.

‘ಕೋಣಿ ಉಳದೈತಿ, ಕುಣಿತ ಉಳೀಲಿಲ್ಲ. ಸೋಮಾರ ಸೋಮಾರ ಕುಣಿಸೂದ ಬ್ಯಾಡ, ಭಜನಿ ಹೇಳಸ್ರಿ ಅಂತ ಮಾಲಕರು ನಿನ್ನೇನ ಹೇಳ್ಯಾರ. ನಾಳಿ ಯಾರರ ಬಂದು, ಪಾದಾ ಇರೂ ಜಾಗಾದಾಗ ಗೆಜ್ಜಿ ಕಟ್ಟಬ್ಯಾಡ್ರಿ ಅಂದ್ರ ನಾ ಏನ್ ಹೇಳ್ಲಿ? ಸುಳ್ಳ ಹೇಳಿ ಕುಂತಂಗ ಆಗೇತಿ ನಂಗ.’

ಆಕೆ ಸರಿ, ನಾನು ತಪ್ಪು. ಅದು ತಿಳಿದಷ್ಟೂ ನನಗೆ ಸಿಟ್ಟು ಏರಿತು. ಆ ಸಿಟ್ಟಿನ ಕೆಳಗಿದ್ದದ್ದು ಹೆದರಿಕೆ. ಇದನ್ನು ಅಳಿಸಿ, ಮುಂದಿನದೂ ಕೆಟ್ಟರೆ, ಕೋಣೆ ಕಳೆದವನು ನಾನೇ ಆಗುತ್ತೇನೆ. ಆ ಹೆದರಿಕೆಯಲ್ಲೇ ಬಾಯಿಬಿಟ್ಟೆ. ಮೊದಲಿನ ಹೆಣ್ಣು ತಮಾಷಾ ಬೋರ್ಡಿನದು, ಗೊತ್ತಿದ್ದೂ ಕಳಿಸಿದೆ ಎಂದೆ. ಟೀಚರು ದನಿ ತಗ್ಗಿಸಿದರು.

‘ನಂಗೂ ನೋಡಿದ ಕೂಡ್ಲೆ ಸಂಶೆ ಬಂದಿತ್ತು. ಇಷ್ಟ ದೊಡ್ಡ ಕಲಾವಿದರು, ನಾ ಏನ್ ಹೇಳೂದು ಅಂತ ಸುಮ್ನಾದೆ. ನೀವು ಯಾಕ ಸುಮ್ನಾದ್ರಿ?’

ನನಗೆ ನಾಚಿಕೆಯಾಯಿತು, ಅಷ್ಟೇ.

ಪಾದ ಅಳಿಸುತ್ತೇವೆ ಎಂದಾಗ ಮಾಲೀಕರ ಮುಖ ಕಪ್ಪಾಯಿತು. ಓಣಿಯ ನಾಲ್ಕು ಜನ ಕಟ್ಟೆ ಬಿಟ್ಟು ಎದ್ದು ಬಂದರು. ‘ಕುಂಕುಮ ಹಚ್ಚಿದ ಪಾದಾ ಅಳಸ್ತೀ ಏನಲೇ?’ ಎಂದನೊಬ್ಬ. ಟರ್ಪೆಂಟೈನಿನ ಬಟ್ಟೆ ನನ್ನ ಕೈಯಲ್ಲೇ ಇತ್ತು, ಕೈ ಮಾತ್ರ ಮೇಲೇಳಲಿಲ್ಲ. ಜಗಳಕ್ಕೆ ನಾನು ಹೆದರುವವನಲ್ಲ, ಆದರೆ ಆ ಕುಂಕುಮಕ್ಕೆ ಹೆದರಿದೆ. ಟೀಚರು ಮೆಟ್ಟಿಲಿಳಿದು ಬಂದು, ಹೂವಿನ ಸರ ತೆಗೆದು ಮಾಲೀಕರ ಕೈಗೆ ಕೊಟ್ಟು, ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡರು. ‘ಯಾವ ಸ್ವಾಮಿಗಳದೂ ಅಲ್ಲ. ನನ್ನ ಪಾದ ಇವು. ಬೇಕಾದ್ರ ಕಾಲಿಟ್ಟು ಅಳತಿ ನೋಡ್ರಿ. ನನ್ನ ಪಾದ ನಾನ ಅಳಸ್ತೇನಿ’ ಎಂದು ಒರೆಸಿಬಿಟ್ಟರು. ಬೆರಳ ತುದಿಯೆಲ್ಲ ಕೆಂಪಾಯಿತು. ಕೂಸಿನ ಹಣೆ ಮುಟ್ಟಿಸಿದ ಹೆಂಗಸು ಅಲ್ಲಿರಲಿಲ್ಲವಲ್ಲ ಎಂದು ನನಗೆ ನಿರಾಳವಾಯಿತು.

ಮಾಲೀಕರು ಕೆಟ್ಟವರಲ್ಲ, ಹಟದವರು. ‘ಆತು. ಸೋಮಾರಕ್ಕ ಹೊಸಾದು ಬರೀರಿ. ದಾರ್‍ಯಾಗ ಹೋಗೂ ಒಬ್ಬರನ್ನ ನಾ ಕರೀತೇನಿ. ಏನ್ ಚಿತ್ರ ಅಂತ ಕೇಳ್ತೇನಿ. ಕುಣಿತ ಕಲಿಯೂ ಹುಡುಗ್ಯಾರು ಅಂದ್ರ ಇರ್ರಿ. ಬ್ಯಾರೆ ಏನರ ಅಂದ್ರ ಅವತ್ತ ಖಾಲಿ ಮಾಡ್ರಿ’ ಎಂದರು. ಟೀಚರು ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ.

ಉಳಿದದ್ದು ಎರಡು ದಿನ. ನಾನು ಊರಿಗೆ ಹೋಗಲಿಲ್ಲ. ಮಾಳಿಗೆಯ ಬಾಗಿಲಲ್ಲಿ ಕೂತು ತಾಲೀಮು ನೋಡಿದೆ. ಸಾಲಿನಲ್ಲಿ ಈಗ ಏಳೆಂಟು ಹುಡುಗಿಯರು. ಒಬ್ಬಳು ಹೆಜ್ಜೆ ತಪ್ಪಿ ಒಬ್ಬಳೇ ಕಾಲೆತ್ತಿದಾಗ ಎಡವಿದಂತೆ ಕಂಡಿತು. ಮರುಗಳಿಗೆ ಪಕ್ಕದ ಇಬ್ಬರೂ ಅದೇ ಕಾಲೆತ್ತಿದರು, ಅದೇ ಭಂಗಿ ಕುಣಿತವಾಯಿತು. ಕಾಗದ ಎಳೆದುಕೊಂಡು ಮೂವರನ್ನು ಬರೆದೆ. ಮುಖವಿಲ್ಲ, ಸೊಂಟವಿಲ್ಲ, ಗುಂಡನೆಯ ತಲೆ, ಎರಡು ಸಣ್ಣ ಜಡೆ, ಹಿಡಿದ ಕೈಗೆ ಕೈ, ಮೂವರದೂ ಬಲಗಾಲು ಮೇಲೆ. ಒಬ್ಬರು ಕಾಲೆತ್ತಿದರೆ ಬಿದ್ದ ಹಾಗೆ, ಮೂವರು ಒಟ್ಟಿಗೆ ಎತ್ತಿದರೆ ಯಾರೂ ಬಿದ್ದರು ಅನ್ನುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ನಾನು ಊರೂರು ಸುತ್ತಿದ್ದೆ.

ರವಿವಾರ ಬಸವನ ಬಾಗೇವಾಡಿಗೆ ಹೋಗಿ ಯಾರ ಪರಿಚಯವೂ ಇಲ್ಲದ ನಿಲ್ದಾಣದಲ್ಲಿ ಜೋಳದ ಕಾಳಿನಷ್ಟು ಇಳಿಸಿ ತೋರಿಸಿದೆ. ಹೆಚ್ಚಿನವರು ಸರಿ ಹೇಳಿದರು. ಒಬ್ಬ ಕಂಡಕ್ಟರು ಮಾತ್ರ ‘ಸಾಲಿ ಹುಡುಗ್ಯಾರ ಕವಾಯತು’ ಎಂದ. ಆ ಒಂದು ಮಾತು ನನ್ನನ್ನು ಸೋಮವಾರದವರೆಗೆ ಸುಮ್ಮನಿರಗೊಡಲಿಲ್ಲ. ಕೈ ಹಿಡಿದ ಗೀರನ್ನು ತುಸು ಅಲೆಯಾಗಿಸಿದೆ, ತಲೆಗಳನ್ನು ತುಸು ಒಂದೇ ಕಡೆ ಬಾಗಿಸಿದೆ. ಮತ್ತೆ ತೋರಿಸಿ ಕೇಳಲು ಸಮಯವಿರಲಿಲ್ಲ.

ಸೋಮವಾರ ಬೆಳಿಗ್ಗೆ ನಿಲ್ದಾಣದ ಹಲಗೆಗೆ ಬರೆದು ಬಂದು ತಗಡಿಗೂ ಬರೆದೆ, ಬಣ್ಣ ಪೂರ್ತಿ ಒಣಗಿರಲೂ ಇಲ್ಲ. ಮೆಟ್ಟಿಲ ಮೇಲೆ ಟೀಚರು, ಅಂಗಡಿಯ ಮುಂದೆ ಮಾಲೀಕರು, ಎದುರಿನ ಕಟ್ಟೆಯಲ್ಲಿ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡಿದ್ದ ಮೂರು ನಾಲ್ಕು ತಾಯಂದಿರು, ಅವರಲ್ಲಿ ಜಂಪರು ಹೊಲಿಯುವಾಕೆಯೂ ಇದ್ದಳು. ಮಾಲೀಕರು ಆರಿಸಲು ಬಹಳ ಹೊತ್ತು ತೆಗೆದುಕೊಂಡರು. ಇಬ್ಬರು ಕಾಲೇಜು ಹುಡುಗರನ್ನು ಬಿಟ್ಟರು. ಒಬ್ಬ ಮಾಸ್ತರರನ್ನು ಬಿಟ್ಟರು. ಕೊನೆಗೆ ತಾಳಿಕೋಟೆ ಬಸ್ಸಿಳಿದು ಬದನೆಕಾಯಿಯ ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸನ್ನು ನಿಲ್ಲಿಸಿದರು.

‘ಯವ್ವಾ, ಇದು ಏನ್ ಚಿತ್ರ ಹೇಳು.’

ಆಕೆ ಬುಟ್ಟಿಯನ್ನು ತಲೆಯ ಮೇಲೆ ಸರಿಮಾಡಿಕೊಂಡು, ಕಣ್ಣು ಕಿರಿದು ಮಾಡಿ ನೋಡಿದಳು. ನೋಡುತ್ತಲೇ ಇದ್ದಳು. ಟೀಚರು ಮೆಟ್ಟಿಲ ಕಟಾಂಜನವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

‘ಸಣ್ಣ ಹುಡುಗ್ಯಾರು ಅದಾರಲ್ಲ’ ಎಂದಳು. ‘ಕುಣ್ಯಾಕತ್ತಾರ. ಯಾರೋ ಕಲಸ್ಯಾರ, ಎಲ್ಲಾರೂ ಒಂದ ಕಾಲ ಎತ್ತ್ಯಾರ. ಆ ಕಡೀದಾಕಿ ಜರಾ ತಡಾ ಮಾಡ್ಯಾಳ ನೋಡ್ರಿ.’

ನೋಡಿದೆ. ಹೌದು, ಮೂರನೆಯವಳ ಕಾಲು ಒಂದು ಕೂದಲಿನಷ್ಟು ಕೆಳಗಿತ್ತು. ಜೀವನದಲ್ಲಿ ಮೊದಲ ಸಲ ನನ್ನ ಬೋರ್ಡಿನ ತಪ್ಪು ಹೇಳಿದವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಾಲೀಕರು ‘ಮಾತಂದ್ರ ಮಾತು. ಇರ್ರಿ’ ಎಂದು ಒಳಗೆ ಹೋದರು. ಟೀಚರು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಅಳುತ್ತಿದ್ದರೋ ನಗುತ್ತಿದ್ದರೋ, ಸೆರಗು ಮುಖಕ್ಕೆ ಅಡ್ಡವಿತ್ತು.

ಕಟ್ಟೆಯ ಮೇಲಿನ ತಾಯಂದಿರು ಒಬ್ಬೊಬ್ಬರಾಗಿ ಎದ್ದು ಬಂದು ತಗಡು ನೋಡಿದರು. ಒಬ್ಬಾಕೆ, ನಾಳೆಯಿಂದ ಕಳಿಸುತ್ತೇನೆ ಎಂದಳು. ಜಂಪರು ಹೊಲಿಯುವಾಕೆ ಕೊನೆಗೆ ಬಂದಳು. ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವಳು ಅವಳೇ. ಎರಡು ಜಡೆಗಳ ಮೇಲೆ ಬೆರಳು ಹಿಡಿದಳು, ಬಣ್ಣ ಹಸಿಯಿದೆಯೆಂದು ಮುಟ್ಟಲಿಲ್ಲ.

‘ಚಲೋ ಬರದೀರಿ’ ಎಂದಳು.

ನನಗೆ ಹುಮ್ಮಸ್ಸು ಬಂತು. ‘ಈಗ ಯಾರ ಕೇಳಿದ್ರೂ ಕುಣಿತದ ಸಾಲಿ ಅಂತಾರ್ರಿ. ದೂರದಿಂದ ಸೈತ ಓದಾಕ ಬರ್ತೈತಿ. ಮಗಳನ್ನ ಕಳಸ್ರಿ ಇನ್ನ’ ಎಂದೆ.

ಆಕೆ ನನ್ನತ್ತ ತಿರುಗಿದಳು. ಕೋಪವಿರಲಿಲ್ಲ ಆ ಮುಖದಲ್ಲಿ.

‘ಓದಾಕ ಬರ್ತೈತ್ರಿ’ ಎಂದಳು. ‘ಮೊದಲ ಒಂದ ಬರದಿದ್ರಲ್ರಿ, ಅದೂ ಓದಾಕ ಬಂದಿತ್ತು. ಇಡೀ ಊರ ಓದೇತಿ.’

ಅಷ್ಟು ಹೇಳಿ, ಟೀಚರ ಕಡೆ ಒಂದು ಸಲ ಕೈ ಮುಗಿದು, ತನ್ನ ಓಣಿಗೆ ಹೋದಳು. ಆ ಹುಡುಗಿ ಮತ್ತೆ ಮಾಳಿಗೆ ಹತ್ತಲಿಲ್ಲ.